ಅಂಗಳಕ್ಕೊಂದು ಆವರಿಕೆ

ರಾಯದುರ್ಗ, ಮಡಕಶಿರಾ ಸೀಮೆಯ ಕೆಮ್ಮಣ್ಣಿನ ದಿಬ್ಬಗಳಲ್ಲಿ ಬಿರುಬೇಸಿಗೆಯಲ್ಲಿಯೂ ಹಸಿರನ್ನು ಉಳಿಸಿಕೊಳ್ಳುವ ಪೊದೆಗಳಲ್ಲಿ ಆವರಿಕೆ ಒಂದು. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನಷ್ಟು ಮಾತ್ರ ಮಳೆ ಕಾಣುವ ಈ ನೆಲಕ್ಕೆ ಅದು ಹೊರಗಿನ ಅತಿಥಿಯಲ್ಲ. ಕನ್ನಡದಲ್ಲಿ ತಂಗಡಿ ಎಂಬ ಹೆಸರೂ ಇದಕ್ಕುಂಟು. ತೆಲುಗರಿಗೆ ಇದು ತಂಗೇಡು, ತಮಿಳರಿಗೆ ಆವಾರಂ, ಮರಾಠಿಗರಿಗೆ ತರವಡ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸೆನ್ನಾ ಆರಿಕ್ಯುಲೇಟಾ.

ಹಿಂದೆ ಇದರ ತೊಗಟೆಯಿಂದ ಚರ್ಮ ಹದಮಾಡುತ್ತಿದ್ದರು. ಸೊಪ್ಪನ್ನು ಗದ್ದೆಗೆ ಹಸಿರುಗೊಬ್ಬರವಾಗಿ ತುಳಿಯುತ್ತಿದ್ದರು. ತೆಲಂಗಾಣವು ಇದರ ಹೂವನ್ನು ರಾಜ್ಯಪುಷ್ಪವನ್ನಾಗಿ ಅಂಗೀಕರಿಸಿದೆ. ಬತುಕಮ್ಮ ಹಬ್ಬದ ಹೂರಾಶಿಯಲ್ಲಿ ಅದಕ್ಕೆ ಮೀಸಲು ಸ್ಥಾನವಿದೆ. ಹೀಗಿದ್ದರೂ, ಬೇಸಿಗೆಯಲ್ಲಿ ಕುಡಿಯುವ ನೀರನ್ನು ಅಳೆದು ಬಳಸುವ ಮನೆಗಳು ಸಹ ಅಂಗಳದ ಅಲಂಕಾರಕ್ಕೆ ನಿತ್ಯ ನೀರು ಬೇಡುವ ಗಿಡಗಳನ್ನೇ ಕೊಂಡು ತರುತ್ತವೆ.

ಆವರಿಕೆಯನ್ನು ಬೆಳೆಸುವುದು ಕಷ್ಟವಲ್ಲ. ಒಣಗಿ ಕಂದುಬಣ್ಣಕ್ಕೆ ತಿರುಗಿದ ಕಾಯಿಗಳಿಂದ ಬೀಜವನ್ನು ಬಿಡಿಸಿಕೊಳ್ಳಬೇಕು. ಬೀಜದ ಸಿಪ್ಪೆ ಗಟ್ಟಿಯಾದುದರಿಂದ ಬಿಸಿನೀರು ಸುರಿದು ಒಂದು ರಾತ್ರಿ ನೆನೆಯಿಟ್ಟರೆ ಮೊಳಕೆ ಸುಲಭವಾಗುತ್ತದೆ. ಮಣ್ಣು, ಮರಳು, ಕೊಟ್ಟಿಗೆಗೊಬ್ಬರ ತುಂಬಿದ ಚೀಲದಲ್ಲಿ ಬಿತ್ತಿ, ಮಳೆಗಾಲದಲ್ಲಿ ಬೇರಿಗೆ ಪೆಟ್ಟಾಗದಂತೆ ನೆಲಕ್ಕೆ ನೆಡಬೇಕು. ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ ಜಾಗವೇ ಇದಕ್ಕೆ ಯೋಗ್ಯ. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರುಣಿಸಿದರೆ ಸಾಕು. ಬೇರು ಆಳಕ್ಕಿಳಿದ ಬಳಿಕ ಮಳೆಯ ನೀರೇ ಅದನ್ನು ಪೋಷಿಸುತ್ತದೆ. ಅತಿಯಾದ ನೀರೇ ಇದಕ್ಕೆ ಕೇಡು. ಹೂಬಿಟ್ಟು ಮುಗಿದ ಮೇಲೆ ತುದಿಗಳನ್ನು ಸವರಿದರೆ ಪೊದೆ ಒತ್ತಾಗಿ ಬೆಳೆಯುತ್ತದೆ. ದನಕರುಗಳು ಸಾಮಾನ್ಯವಾಗಿ ಇದನ್ನು ಮೇಯುವುದಿಲ್ಲವಾದ್ದರಿಂದ ಬೇಲಿಯ ಸಾಲಿಗೂ ಒಪ್ಪುತ್ತದೆ.

ಈ ಹೂವಿನಲ್ಲಿ ಮಕರಂದವಿಲ್ಲ. ಪರಾಗಕ್ಕಾಗಿಯೇ ಬರುವ ದೊಡ್ಡ ಕಪ್ಪು ದುಂಬಿಗಳು ಝೇಂಕರಿಸಿ ಕೇಸರಗಳನ್ನು ನಡುಗಿಸುತ್ತವೆ. ಆಗ ಪರಾಗ ಉದುರುತ್ತದೆ. ಕೆಲವು ಚಿಟ್ಟೆಗಳ ಮರಿಹುಳುಗಳು ಇದರ ಎಲೆಗಳನ್ನು ತಿಂದು ಬೆಳೆಯುತ್ತವೆ. ಅವನ್ನು ಕಂಡೊಡನೆ ಔಷಧ ಸಿಂಪಡಿಸದಿದ್ದರೆ ಮಕ್ಕಳಿಗೆ ಅಂಗಳವೇ ವಿಜ್ಞಾನದ ಪಾಠವಾದೀತು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಬಾಗಿಲ ಮುಂದಿನ ಗಿಡದ ಹೆಸರನ್ನು ಮಗುವಿಗೆ ಕಲಿಸುವ ಹೊಣೆ ಯಾವ ವಿಧಿಯಲ್ಲಿಯೂ ಬರೆದಿಲ್ಲ, ಅದು ಮನೆಯವರದು. ಬೀದಿಯಲ್ಲಿ ಅದನ್ನು ತಂಗೇಡು ಎಂದು ಕೇಳಿ ಬೆಳೆಯುವ ಮಗುವಿಗೆ ಆ ಹೆಸರೂ ತಿಳಿದಿರಲಿ. ಜೊತೆಗೆ, ಬೀಜ ಬಿತ್ತಿದ ದಿನ ಅದರ ಕೈಯಿಂದಲೇ ಒಂದು ಹಲಗೆಯ ಮೇಲೆ ‘ಆವರಿಕೆ’ ಎಂದು ಬರೆಸಿ ಗಿಡದ ಬಳಿ ನೆಡಿಸಬೇಕು.