ಚೈನ್ ಸಾ ಯಂತ್ರದ ಬ್ರೇಕು: ಬಿಚ್ಚಿದ ಮೇಲೆ ಜೋಡಿಸುವ ಬಗೆ

ಮುಂಗಾರಿಗೆ ಮೊದಲು ಮರಗಸಿ ಮುಗಿಸುವ ಅವಸರದಲ್ಲಿ ಸದಸ್ಯರು ಸಂಘಕ್ಕೆ ತರುವ ದೂರು ಸಾಮಾನ್ಯವಾಗಿ ಒಂದೇ: "ಮಿಷನ್ನಿನ ಪಕ್ಕದ ಮುಚ್ಚಳ ಬಿಚ್ಚಿದೆವು, ಈಗ ಕೂರುತ್ತಿಲ್ಲ." ಯಂತ್ರವೇನೂ ಕೆಟ್ಟಿರುವುದಿಲ್ಲ. ಬ್ರೇಕು ಬಿದ್ದಿರುವಾಗಲೇ ಮುಚ್ಚಳ ತೆಗೆದದ್ದು ಇದಕ್ಕೆ ಕಾರಣ. ಇದನ್ನರಿಯದೆ ಬ್ರೇಕಿನ ಪಟ್ಟಿಯನ್ನೇ ಕಿತ್ತು ಬದಿಗಿಟ್ಟು ಮರ ಕೊಯ್ಯಿಸುವವರೂ ನಮ್ಮಲ್ಲಿದ್ದಾರೆ. ಇದು ಖಂಡಿತ ಕೂಡದು.

ಬಾರಿನ ತುದಿಯ ಮೇಲ್ಭಾಗ ಇನ್ನೊಂದು ಕೊಂಬೆಗೋ ದಿಮ್ಮಿಗೋ ತಾಗಿತೆಂದರೆ ಬಾರು ಕೊಯ್ಯುವವನ ಮುಖ, ಕತ್ತು, ಹೆಗಲ ಕಡೆಗೆ ಚಿಮ್ಮುತ್ತದೆ. ಯೋಚಿಸಲು ಸಮಯವಿರುವುದಿಲ್ಲ. ಆಗ ಎಡಗೈ ಮಣಿಕಟ್ಟು ಮುಂದಿನ ಕಾಪಿಗೆ ತಗುಲಿ, ಇಲ್ಲವೇ ಆ ಕುಲುಕಿಗೆ ಕಾಪು ತಾನಾಗಿಯೇ ಮುಂದಕ್ಕೆ ಬಾಗಿ, ಬ್ರೇಕು ಬೀಳುತ್ತದೆ. ಒಳಗಿರುವುದು ಇಷ್ಟೇ: ಕ್ಲಚ್ ಡ್ರಮ್ಮಿನ ಸುತ್ತ ತೆಳುವಾದ ಉಕ್ಕಿನ ಪಟ್ಟಿ, ಅದನ್ನು ಬಿಗಿಯುವ ಬಲವಾದ ಸ್ಪ್ರಿಂಗು, ಸ್ಪ್ರಿಂಗನ್ನು ತಡೆದು ಹಿಡಿಯುವ ಮೊಣಕಾಲಿನಂಥ ಒಂದು ಕೀಲು. ಕಾಪು ಮುಂದೆ ಹೋದರೆ ಕೀಲು ಮಡಿಚಿ, ಸ್ಪ್ರಿಂಗಿನ ಬಲಕ್ಕೆ ಪಟ್ಟಿ ಡ್ರಮ್ಮನ್ನು ಅವುಚಿಕೊಳ್ಳುತ್ತದೆ, ಸರಪಳಿ ನಿಲ್ಲುತ್ತದೆ.

ಸ್ಟಿಲ್ ಯಂತ್ರಗಳಲ್ಲಿ ಈ ಪಟ್ಟಿ ಸಾಮಾನ್ಯವಾಗಿ ಇಂಜಿನ್ ಬದಿಯಲ್ಲೇ ಇರುತ್ತದೆ. ಹಸ್ಕ್‌ವರ್ನಾದ ಅನೇಕ ಮಾದರಿಗಳಲ್ಲಿ ಅದು ಮುಚ್ಚಳದೊಳಗಿರುವುದರಿಂದ ಮೇಲೆ ಹೇಳಿದ ತೊಡಕು ಇವುಗಳಲ್ಲೇ ಹೆಚ್ಚು. ಬಿಗಿದ ಪಟ್ಟಿಯ ಸುತ್ತು ಕಿರಿದಾಗಿರುತ್ತದೆ, ಡ್ರಮ್ಮಿನ ಮೇಲೆ ಇಳಿಯುವುದಿಲ್ಲ. ಸುತ್ತಿಗೆಯಿಂದ ಬಡಿದರೆ ಮುಚ್ಚಳ ಸೀಳುವುದೇ ಲಾಭ. ಕಾಪು ಯಂತ್ರದಲ್ಲೇ ಉಳಿಯುವ ಮಾದರಿಯಾದರೆ, ಮುಚ್ಚಳದ ಕೀಲನ್ನು ಕಾಪಿನ ಗಾಡಿಗೆ ಸಿಕ್ಕಿಸಿ, ಕಾಪನ್ನೇ ಸನ್ನೆಯಂತೆ ಬಳಸಿ, ಮುಚ್ಚಳವನ್ನು ಭದ್ರವಾಗಿ ಹಿಡಿದು ಬ್ರೇಕು ಬಿಡುವ ದಿಕ್ಕಿಗೆ ತಿರುಗಿಸಬೇಕು. 'ಟಕ್' ಎಂದು ಪಟ್ಟಿ ಸಡಿಲಿಸುತ್ತದೆ. ಇನ್ನು ಮುಂದೆ ನಟ್ಟಿಗೆ ಪಾನಾ ಹಾಕುವ ಮೊದಲು ಕಾಪನ್ನು ಹಿಡಿಯ ಕಡೆಗೆ ಎಳೆದುಕೊಂಡರೆ ಈ ತಾಪತ್ರಯವೇ ಇಲ್ಲ.

ಬ್ರೇಕನ್ನು ಪೂರಾ ಬಿಚ್ಚಬೇಕಾದಲ್ಲಿ ಮೊದಲು ಪ್ಲಗ್ಗಿನ ತಂತಿ ತೆಗೆಯಿರಿ, ಕಣ್ಣಿಗೆ ಕನ್ನಡಕ ಹಾಕಿರಿ. ಆ ಸ್ಪ್ರಿಂಗು ಚಿಮ್ಮಿದರೆ ಕಣ್ಣು ಹೋಗುವಷ್ಟು ಬಲವುಳ್ಳದ್ದು. ಅದರ ಮೇಲೆ ದಪ್ಪ ಬಟ್ಟೆ ಹೊದಿಸಿಯೇ ಎಬ್ಬಿಸತಕ್ಕದ್ದು. ಎಣ್ಣೆ ಕುಡಿದು ಗಟ್ಟಿಯಾದ ಮರದ ಹುಡಿಯನ್ನು ಬ್ರಷ್ಷಿನಿಂದ ಕೆರೆದು ತೆಗೆಯಿರಿ. ಪಟ್ಟಿಯನ್ನು ಸೀಮೆಎಣ್ಣೆಯಲ್ಲಿ ತೊಳೆದರೆ ಜಿಡ್ಡು ಉಳಿಯುತ್ತದೆ; ಒಲೆ, ಬೀಡಿಗಳಿಂದ ದೂರ ಕುಳಿತು ಸ್ವಲ್ಪ ಪೆಟ್ರೋಲಿನಿಂದ ಒರೆಸಿ ಚೆನ್ನಾಗಿ ಒಣಗಿಸುವುದು ಮೇಲು. ಪಟ್ಟಿಯ ಅತಿ ಸವೆದ ಜಾಗ 0.6 ಮಿ.ಮೀ.ಗಿಂತ ತೆಳುವಾಗಿದ್ದರೆ ಹೊಸದು ಹಾಕಬೇಕು. ಅಳತೆಯ ಸಾಧನವಿಲ್ಲದವರು ಕಬ್ಬಿಣ ಕೊಯ್ಯುವ ಕೈಗರಗಸದ ಬ್ಲೇಡಿನೊಡನೆ ಹೋಲಿಸಬಹುದು, ಅದರ ದಪ್ಪವೂ ಹೆಚ್ಚುಕಡಮೆ ಅಷ್ಟೇ. ಬಿರುಕು ಕಂಡರೆ ದಪ್ಪ ನೋಡುವುದೇ ಬೇಡ. ಜೋಡಿಸುವಾಗ ಮೊದಲು ಪಟ್ಟಿ, ಆಮೇಲೆ ಕೀಲು, ಕೊನೆಗೆ ಸ್ಪ್ರಿಂಗು ಮತ್ತು ಅದರ ತಗಡು. ಕೀಲಿನ ಮೊಳೆಗೆ ಮಾತ್ರ ಚೂರು ಗ್ರೀಸು. ಪಟ್ಟಿಗೂ ಡ್ರಮ್ಮಿಗೂ ಹನಿ ಸೋಕಕೂಡದು.

ಜೋಡಿಸಿದ ಮೇಲೆ ಪರೀಕ್ಷೆ. ಯಂತ್ರವನ್ನು ಗಟ್ಟಿ ನೆಲದ ಮೇಲಿಟ್ಟು, ಸರಪಳಿ ಏನಕ್ಕೂ ತಾಗದಂತೆ ನೋಡಿ, ಎರಡೂ ಕೈಯಲ್ಲಿ ಹಿಡಿದು ಪೂರ್ತಿ ವೇಗ ಕೊಟ್ಟು, ಮಣಿಕಟ್ಟಿನಿಂದ ಕಾಪನ್ನು ಮುಂದಕ್ಕೆ ದೂಡಿರಿ. ಸರಪಳಿ ತಕ್ಷಣ ನಿಲ್ಲಬೇಕು. ಕೂಡಲೇ ವೇಗ ಬಿಡಿರಿ. ತೆವಳಿ ನಿಂತರೆ ಪಟ್ಟಿಗೆ ಎಣ್ಣೆ ತಗುಲಿದೆ ಅಥವಾ ಸವೆದಿದೆ. ಕಾಪು ಸದ್ದಿಲ್ಲದೆ ಸಡಿಲವಾಗಿ ಆಡಿದರೆ ಸ್ಪ್ರಿಂಗು ಮುರಿದಿರಬಹುದು. ಬಿಗಿಯಾಗಿದ್ದರೆ ಹುಡಿ ಕಟ್ಟಿದೆ. ಗುತ್ತಿಗೆಯ ಕೊಯ್ಲುಗಾರರು ತಮ್ಮದೇ ಯಂತ್ರ ತಂದರೂ, ಈ ಪರೀಕ್ಷೆ ಮಾಡಿ ತೋರಿಸಿದ ಮೇಲೆಯೇ ಅವರನ್ನು ಮರಕ್ಕೆ ಬಿಡಿರಿ. ಅವರು ಮುನಿಸಿಕೊಂಡರೂ ಚಿಂತೆಯಿಲ್ಲ.

ಬ್ರೇಕು ಬಿದ್ದಿರುವುದನ್ನು ನೋಡದೆ ವೇಗ ಕೊಡುತ್ತಲೇ ಇದ್ದರೆ ಕ್ಲಚ್ಚು ಕಾದು ಹೊಗೆಯೇಳುತ್ತದೆ, ಹತ್ತಿರದ ಪ್ಲಾಸ್ಟಿಕ್ ಭಾಗಗಳೂ ಕರಗಬಹುದು. ಇನ್ನು ವೇಗ ಕೊಡದಿದ್ದಾಗಲೂ ಸರಪಳಿ ತಿರುಗುತ್ತಿದ್ದರೆ ಅದು ಬ್ರೇಕಿನ ದೋಷವಲ್ಲ. ಐಡ್ಲಿಂಗ್ ತಿರುಪು ಸಡಿಲಿಸಿ ನೋಡಿ. ಆಗಲೂ ನಿಲ್ಲದಿದ್ದರೆ ಕ್ಲಚ್ಚಿನ ಸ್ಪ್ರಿಂಗು ಸೋತಿದೆ. ಅದನ್ನು ಬಿಚ್ಚುವಾಗ ಒಂದು ಮಾತು: ಬಹುತೇಕ ಯಂತ್ರಗಳಲ್ಲಿ ಕ್ಲಚ್ಚಿನದು ಎಡಸುತ್ತಿನ ಮರೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ.