ಬೆಲ್ಟ್ ಹೋದರೆ ವಾಚ್ ಹೋಯಿತೇ?

ಮಂಡ್ಯವೋ ಮದ್ದೂರೋ ಮಳವಳ್ಳಿಯೋ, ಮನೆಯ ಬೀರುವಿನಲ್ಲಿ ಹಳೇ ಎಚ್‌ಎಂಟಿ ವಾಚ್ ಮಲಗಿದ್ದರೆ, ಮೊದಲು ಸೋತಿರುವುದು ಬಹುಶಃ ಯಂತ್ರವಲ್ಲ, ಚರ್ಮದ ಬೆಲ್ಟು. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಕೀ ಕೊಡುವ ವಾಚುಗಳು ಎಷ್ಟೋ ಇನ್ನೂ ಓಡುತ್ತಿವೆ. ಚರ್ಮ ಮಾತ್ರ ಬೆವರು ಕುಡಿದು, ಉಪ್ಪು ಹಿಡಿದು, ಒಣಗಿ, ಬಕಲ್ ತೂತಿನ ಹತ್ತಿರ ಸೀಳುತ್ತದೆ. ಗಮ್ ಹಾಕಿ ಅಂಟಿಸಿದರಾಯಿತಲ್ಲ ಅಂತೀರಿ. ಹೊಲಿಗೆ ಬಿಟ್ಟಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ಎರಡು ಹೊಲಿಗೆ ಹಾಕಿಸಿ, ಸಾಕು. ಚರ್ಮವೇ ಬಿರಿದಿದ್ದರೆ ಮಡಚುವ ಜಾಗದಲ್ಲಿ ಗಮ್ ನಿಲ್ಲದು. ಒಂದು ದಿನ ವಾಚೇ ನೆಲಕ್ಕೆ. ಅಪ್ಪನ ಕಾಲದ ಬೆಲ್ಟು, ಬಿಸಾಡೋದಾ? ಬೇಡ, ಡಬ್ಬಿಯಲ್ಲಿಡಿ. ಹೊಸದಕ್ಕೆ ಮೊದಲು ಬೆಲ್ಟು ಕೂರುವ ಸಂದು ಅಳೆಯಿರಿ: 18 ಮಿಲಿಮೀಟರಿಗೆ 20ರದ್ದು ತುರುಕಿದರೆ ಅಂಚು ಸುಕ್ಕಾಗುತ್ತದೆ. ಪಿನ್ನೂ ಹೊಸದೇ ಇರಲಿ. ಗದ್ದೆಗೆ ನೀರು ಕಟ್ಟುವ ಕೈಗಾದರೆ ಚರ್ಮದ ಗೊಡವೆಯೇ ಬೇಡ, ನೈಲಾನ್ ಹಾಕಿಸಿ.