ತಡೆಯಬಾರದ ವೇಗಗಳು ಮತ್ತು ಕಿರಿಯ ವೈದ್ಯರು

ಎಂ.ಡಿ., ಎಂ.ಎಸ್. ವ್ಯಾಸಂಗದಲ್ಲಿರುವ ಮಕ್ಕಳ ತಂದೆತಾಯಿಗಳು ನಮ್ಮ ಸದ್ಭಕ್ತರಲ್ಲಿ ಅನೇಕರಿದ್ದಾರೆ. ಕೊರೊನಾ ಕಾಲದಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆಗಳ ಹಗಲಿರುಳಿನ ಭಾರ ಹೊತ್ತವರು ಬಹುಮಟ್ಟಿಗೆ ಈ ಕಿರಿಯ ವೈದ್ಯರೇ. ನೇತ್ರ, ಚರ್ಮ, ಮೂಳೆ ಎಂಬ ಭೇದವಿಲ್ಲದೆ ಅವರನ್ನು ಕೋವಿಡ್ ವಾರ್ಡುಗಳಿಗೆ ನಿಯೋಜಿಸಲಾಯಿತು.

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ತಡೆಯಬಾರದ 13 ವೇಗಗಳನ್ನು ಹೇಳುತ್ತದೆ. ಮೂತ್ರ, ಹಸಿವು, ಬಾಯಾರಿಕೆ, ನಿದ್ರೆ, ಶ್ರಮದ ಏದುಸಿರು ಅವುಗಳಲ್ಲಿ ಸೇರಿವೆ; ಕಣ್ಣೀರೂ ಸೇರಿದೆ. ಪಿಪಿಇ ಕಿಟ್ ಧರಿಸಿದವರು ಗಂಟೆಗಟ್ಟಲೆ ನೀರು ಕುಡಿಯುವಂತಿರಲಿಲ್ಲ, ಶೌಚಕ್ಕೆ ಹೋಗುವಂತಿರಲಿಲ್ಲ. ರೋಗಿಯು ಕಣ್ಣೆದುರೇ ಪ್ರಾಣಬಿಟ್ಟಾಗ ಅಳಲು ವ್ಯವಧಾನವೂ ಇರಲಿಲ್ಲ. ಪಕ್ಕದ ಹಾಸಿಗೆಯವರ ಆಮ್ಲಜನಕ ಕುಸಿಯುತ್ತಿತ್ತು. ಇದು ಒಂದು ದಿನದ ಮಾತಾಗಿದ್ದರೆ ದೇಹ ಸಹಿಸೀತು. ತಿಂಗಳುಗಟ್ಟಲೆ ನಡೆದರೆ ವಾತ ಪ್ರಕೋಪಗೊಳ್ಳದೆ ಇದ್ದೀತೆ?

ಇದನ್ನೇ ಈಗ ಬರ್ನೌಟ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ರೋಗವೆಂದು ಕರೆದಿಲ್ಲ. ಶಮನಗೊಳ್ಳದ ದೀರ್ಘಕಾಲದ ಕೆಲಸದ ಒತ್ತಡದ ಫಲವೆಂದು ಗುರುತಿಸಿದೆ. ಶಕ್ತಿ ಬರಿದಾಗುವುದು, ಕೆಲಸದ ಬಗ್ಗೆ ಜಿಗುಪ್ಸೆ, ಕಾರ್ಯದಕ್ಷತೆ ಕುಗ್ಗುವುದು ಇದರ ಮೂರು ಲಕ್ಷಣಗಳು. ಎಂದಮೇಲೆ ದೋಷವನ್ನು ಹುಡುಗರ ಮನೋಬಲದಲ್ಲಿ ಹುಡುಕುವುದು ನ್ಯಾಯವಲ್ಲ. ನಿದಾನವು ಕೆಲಸದ ವ್ಯವಸ್ಥೆಯಲ್ಲಿದೆ.

2021ರ ಏಪ್ರಿಲ್ 18ರಂದು ನಡೆಯಬೇಕಿದ್ದ ನೀಟ್-ಪಿಜಿ ಪರೀಕ್ಷೆ ಸೆಪ್ಟೆಂಬರ್ 11ಕ್ಕೆ ನಡೆಯಿತು. ಸೀಟು ಹಂಚಿಕೆ ಆರಂಭವಾದದ್ದು 2022ರ ಜನವರಿಯಲ್ಲಿ. ಹೊಸ ತಂಡವೇ ಬಾರದ ಕಾರಣ ಉಳಿದವರು ಅವರ ಪಾಲನ್ನೂ ದುಡಿದರು. ದೆಹಲಿಯ ಕಿರಿಯ ವೈದ್ಯರು ಡಿಸೆಂಬರ್ ಚಳಿಯಲ್ಲಿ ಬೀದಿಗಿಳಿದದ್ದು ಇದಕ್ಕಾಗಿಯೇ. ನಿರಂತರ ಕರ್ತವ್ಯವು ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು, ಸರದಿಯಂತೆ ವಾರಕ್ಕೊಂದು ರಜೆ ಇರಬೇಕು ಎಂದು ಕೇಂದ್ರ ಸರ್ಕಾರವು 1992ರಲ್ಲೇ ನಿರ್ದೇಶಿಸಿತ್ತು. ಮುಂದೊಂದು ಮಹಾಮಾರಿ ಬರುವ ಮುನ್ನ ಈ ಹಳೆಯ ಕಾಗದಕ್ಕೆ ಜೀವ ಬರಬೇಕು. ಪಾಳಿ ಮುಗಿಸಿದವರಿಗೆ ಮಲಗಲೊಂದು ಕೋಣೆ, ಬಿಸಿ ಊಟ, ಮರಣಗಳನ್ನು ಕಂಡವರ ಮಾತು ಕೇಳುವ ಹಿರಿಯರು, ಇವು ದೊರೆಯದ ಕಡೆ ಯೋಗಶಿಬಿರ ಏರ್ಪಡಿಸಿ ಪ್ರಯೋಜನವಿಲ್ಲ.

ಮಕ್ಕಳಿಗಾಗಿ ಅಶ್ವಗಂಧ ಕೇಳಿಕೊಂಡು ಬರುವ ಪಾಲಕರಲ್ಲಿ ನಾನು ಮೊದಲು ವಿಚಾರಿಸುವುದು ಡ್ಯೂಟಿಯ ವೇಳೆಯನ್ನು. ನಿದ್ರೆಗೆ ಬದಲಾಗಿ ನಿಲ್ಲುವ ಮೂಲಿಕೆ ಇಲ್ಲ. ಅಭ್ಯಾಸವಿಲ್ಲದ ಜಾಗರಣೆ ಒದಗಿದರೆ ಎಚ್ಚರವಿದ್ದ ಕಾಲದ ಅರ್ಧದಷ್ಟು ಹೊತ್ತು, ಮರುದಿನ ಬೆಳಿಗ್ಗೆ, ಉಣ್ಣುವ ಮೊದಲು ಮಲಗಬೇಕೆಂದು ವಾಗ್ಭಟರು ಅಷ್ಟಾಂಗಹೃದಯದಲ್ಲಿ ಹೇಳಿದ್ದಾರೆ. ರಾತ್ರಿಪಾಳಿಯವರಿಗೆ ಇದು ಇಂದಿಗೂ ಹೊಂದುವ ಮಾತು. ಆ ಹೊತ್ತಿನಲ್ಲಿ ತಾವು ಫೋನ್ ಮಾಡಬೇಡಿ. ಮಗಳು ರಜೆಗೆ ಮನೆಗೆ ಬಂದ ದಿನವೇ ಬಂಧುಗಳೆಲ್ಲರ ರಿಪೋರ್ಟುಗಳನ್ನು ಅವಳ ಮುಂದೆ ಹರಡಬೇಡಿ. ರೊಟ್ಟಿ ಬಡಿಸಿ, ಮಲಗಗೊಡಿ.

ಕರೆಗೆ ಉತ್ತರಿಸದಿರುವುದು, ವಾರಗಟ್ಟಲೆ ನಿದ್ರೆ ಬಾರದಿರುವುದು, ಬದುಕು ಸಾಕೆಂಬ ಮಾತು, ಇವುಗಳಲ್ಲಿ ಯಾವುದು ಕಂಡರೂ ಕಷಾಯ, ಲೇಹ್ಯಗಳಲ್ಲಿ ಕಾಲ ಕಳೆಯದೆ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು.